ಎಲೆ ಮರೆಯ ಸಿಳ್ಳಾರ

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಅಪ್ಸರಕೊಂಡ ಜಲಪಾತದ ಹತ್ತಿರ ಸಿಳ್ಳಾರ ಹಕ್ಕಿಯ ಫೋಟೋ ತೆಗೆಯುತ್ತಿದ್ದೇನೆ. ಯಾವಾಗ ನೋಡಿದರೂ ಅರ್ಧ ಹಕ್ಕಿ, ಅರ್ಧ ಎಲೆ. ಅಡ್ಡ ಬರುವ ಟೊಂಗೆ ಮುರಿ ಎಂದು ಒಬ್ಬರು, ಮೊಬೈಲ್‌ನಲ್ಲೇ ಎಲೆ ಅಳಿಸು ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡು ಚಿತ್ರ ಕಳಿಸಿದ್ದೇನೆ. ಇವು ಸ್ಪರ್ಧೆಗೆ ಹೋಗುತ್ತವೆಯೇ?
– ಹೆಸರು ಬೇಡ, ಹೊನ್ನಾವರ

ಉತ್ತರ: ಮೊದಲು ಆ ಇಬ್ಬರ ಸಲಹೆ ವಿಲೇವಾರಿ ಮಾಡೋಣ. ಟೊಂಗೆ ಮುರಿಯಬೇಡಿ. ಸಿಳ್ಳಾರ ಮರಿ ಮಾಡುವುದು ಮಳೆಗಾಲದಲ್ಲಿ, ಅದೂ ಝರಿಯ ಪಕ್ಕದ ಬಂಡೆ ಸಂದಿನಲ್ಲಿ. ನಿಮಗೆ ಅಡ್ಡವಾಗುವ ಎಲೆಯೇ ಅದಕ್ಕೆ ಕಾವಲು. ಅಳಿಸುವುದೂ ಬೇಡ. ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಟ್ಟಾಗಿ ಒಪ್ಪಿದ ನಿಯಮದ ಪ್ರಕಾರ, ನಿಸರ್ಗ ವಿಭಾಗದ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಅದರಿಂದ ಏನನ್ನೂ ತೆಗೆಯುವಂತಿಲ್ಲ. ಅಂಚು ಕತ್ತರಿಸಲು ಮಾತ್ರ ಅಡ್ಡಿಯಿಲ್ಲ.

ಇನ್ನು ನಿಮ್ಮ ಚಿತ್ರಗಳು. ಎರಡರಲ್ಲೂ ಎಲೆ ಇದೆ, ಆದರೆ ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಹೊಟ್ಟೆ, ಕಾಲು, ಬಾಲ ಯಾವುದೂ ಕಾಣುತ್ತಿಲ್ಲ. ಆದರೂ ಹಸಿರು ಮಬ್ಬಿನ ನಡುವೆ ಕಣ್ಣು ಹೊಳೆಯುತ್ತಿದೆ, ಹಣೆಯ ನೀಲಿ ಪಟ್ಟಿ ಬೆಳಕು ಹಿಡಿದಿದೆ. ಎರಡನೆಯದರಲ್ಲಿ ಮುಕ್ಕಾಲು ಹಕ್ಕಿ ಕಾಣುತ್ತದೆ, ಆದರೆ ಜರಿಗಿಡದ ಒಂದು ಕಡ್ಡಿ ಕೊಕ್ಕಿನ ಮೇಲೆ ಗೀಟು ಎಳೆದ ಹಾಗೆ ಹಾದುಹೋಗಿದೆ. ಕಡ್ಡಿ ಸ್ಪಷ್ಟ, ಕಣ್ಣು ಮಸುಕು. ಹಕ್ಕಿ ಎಷ್ಟು ಮುಚ್ಚಿದೆ ಎಂಬುದಕ್ಕಿಂತ ಯಾವ ಭಾಗ ಮುಚ್ಚಿದೆ ಎಂದು ನೋಡಿ. ಕಣ್ಣು, ಕೊಕ್ಕು ಬಿಡಿಸಿಕೊಂಡಿದ್ದರೆ ಉಳಿದದ್ದನ್ನು ನೋಡುವವರ ಮನಸ್ಸು ತುಂಬಿಕೊಳ್ಳುತ್ತದೆ.

ಕಡ್ಡಿ ಸ್ಪಷ್ಟವಾಗಿದ್ದು ನಿಮ್ಮ ತಪ್ಪಲ್ಲ, ಕ್ಯಾಮೆರಾದ ಚಾಳಿ. ಅಗಲವಾದ ಫೋಕಸ್ ವಲಯ ಕೊಟ್ಟರೆ ಅದು ಎದುರಿಗೆ ಸಿಕ್ಕಿದ್ದನ್ನೇ ಹಿಡಿಯುತ್ತದೆ. ಒಂದೇ ಬಿಂದುವಿನ ಫೋಕಸ್ ಇಟ್ಟು ಕಣ್ಣಿನ ಮೇಲೆ ಕೂರಿಸಿ. ಆಗಲೂ ಜಾರಿದರೆ ಲೆನ್ಸಿನ ರಿಂಗ್ ಕೈಯಲ್ಲಿ ತಿರುಗಿಸಿ. ಎದುರಿನ ಎಲೆ ಕರಗಬೇಕಾದರೆ ಅದು ಹಕ್ಕಿಗಲ್ಲ, ನಿಮ್ಮ ಲೆನ್ಸಿಗೆ ಹತ್ತಿರ ಇರಬೇಕು. ಅಪರ್ಚರ್ ಪೂರ್ತಿ ತೆರೆದಿರಬೇಕು. ಹಕ್ಕಿಯ ಪಕ್ಕದ ಎಲೆಯನ್ನು ಯಾವ ಲೆನ್ಸೂ ಕರಗಿಸದು. ಅಂಥ ಕಡೆ ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿಯಿರಿ, ಇಲ್ಲವೇ ಕುಕ್ಕರಗಾಲಲ್ಲಿ ಕೂತು ನೋಡಿ. ಬಂಡೆ ಪಾಚಿಗಟ್ಟಿರುತ್ತದೆ ಮಾರಾಯ್ರೇ, ವ್ಯೂಫೈಂಡರಿಗೆ ಕಣ್ಣಿಟ್ಟುಕೊಂಡೇ ಹೆಜ್ಜೆ ಹಾಕಬೇಡಿ!

ಬೆಳಕಿನ ಲೆಕ್ಕ ಈ ಜಾಗದಲ್ಲಿ ತುಸು ವಿಚಿತ್ರ. ಕಪ್ಪು ಹಕ್ಕಿಯ ಹಿಂದೆ ಬಿಳಿ ನೀರು ಬಂದರೆ ಕ್ಯಾಮೆರಾ ಬೆಚ್ಚಿ ಹಕ್ಕಿಯನ್ನು ಮಸಿ ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ. ಹಿಂದೆ ಒದ್ದೆ ಬಂಡೆ, ಕತ್ತಲೆ ಪೊದೆ ಇದ್ದರೆ ಅಷ್ಟೇ ಇಳಿಸಿ, ಇಲ್ಲದಿದ್ದರೆ ನೀಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ಭಾನುವಾರದ ಪ್ರವಾಸಿಗರ ಗದ್ದಲದಲ್ಲಿ ಇದ್ಯಾವುದೂ ಆಗದು. ನಸುಕಿನಲ್ಲಿ ಹೋಗಿ. ಶಾಲೆಗೆ ಹೊರಟ ಹುಡುಗ ಶಿಳ್ಳೆ ಹಾಕಿದಂತೆ ಅದು ಹಾಡುವುದೂ ಆಗಲೇ. ಆದರೆ ಮೊಬೈಲ್‌ನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂದನೆಂದು ಅದು ಗೂಡಿನ ಕೆಲಸ ಬಿಟ್ಟು ಓಡಿಬರುತ್ತದೆ.

ಕೈ ಪಳಗಬೇಕಾದರೆ ಕಾಸರಕೋಡಿನ ಕಾಂಡ್ಲಾ ಕಾಡಿನ ಮರದ ಕಾಲುದಾರಿ ನಿಮಗೆ ಹತ್ತಿರವೇ ಇದೆ. ಅಲ್ಲಿ ದಾರಿ ಬಿಟ್ಟು ಇಳಿಯುವಂತಿಲ್ಲ, ಬೇರು ಕೊಂಬೆಗಳ ಸಂದಿಯಲ್ಲೇ ಮಿಂಚುಳ್ಳಿಗೆ ಚೌಕಟ್ಟು ಹುಡುಕಬೇಕು.

ಸ್ಪರ್ಧೆಗೆ ಮೊದಲ ಚಿತ್ರ ಕಳಿಸಿ, ಎಲೆಗಳ ಸಮೇತ. ಹಕ್ಕಿ ಎಡಕ್ಕೆ ನೋಡುತ್ತಿದೆ, ಆ ಕಡೆಯ ಜಾಗ ಮುಟ್ಟಬೇಡಿ. ಬಲ ಅಂಚಿನ ಬಿಳಿ ಚುಕ್ಕೆ ಮಾತ್ರ ಕತ್ತರಿಸಿ. ಎರಡನೆಯದು ಬೇಡ.