ಬೀದಿಗಿಳಿಯುವ ಮುನ್ನ: ಹವಾಮಾನ ಹೋರಾಟಕ್ಕೆ ಹನ್ನೆರಡು ಸೂತ್ರಗಳು

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದವು, ಏಪ್ರಿಲ್ ಕೊನೆಗೆ ಅಲ್ಲಿನ ಬಿಸಿಲು 38 ಡಿಗ್ರಿ ದಾಟಿತು. ಇದನ್ನೆಲ್ಲ ಕಂಡ ಕಾಲೇಜು ಹುಡುಗ ಹುಡುಗಿಯರು, ನಿವೃತ್ತ ಮೇಷ್ಟ್ರುಗಳು, ಅಪಾರ್ಟ್‌ಮೆಂಟಿನ ಗೃಹಿಣಿಯರು ‘ಸುಮ್ಮನೆ ಕೂರಬಾರದು’ ಎನ್ನುತ್ತಿದ್ದಾರೆ. ಕೂರಲೇಬಾರದು. ಆದರೆ ಒಂದು ಮಧ್ಯಾಹ್ನ ಕೂಗಿ ಚದುರುವ ಗುಂಪನ್ನು ಸರ್ಕಾರ ಸಂಜೆಯೊಳಗೆ ಮರೆಯುತ್ತದೆ. ನಮ್ಮ ನಾಡಿನಲ್ಲಿ ಗೆದ್ದ ಪರಿಸರ ಹೋರಾಟಗಳು ಗೆದ್ದದ್ದು ಪ್ರತಿಭಟನೆಯ ದಿನಕ್ಕಿಂತ ಹಿಂದೆ ಮತ್ತು ಮುಂದೆ ನಡೆದ ಕೆಲಸದಿಂದ. ಆ ಕೆಲಸದ ಪಟ್ಟಿ ಇಲ್ಲಿದೆ.

1. ಒಂದೇ ಬೇಡಿಕೆ, ಒಂದೇ ಕುರ್ಚಿ

‘ಭೂಮಿ ಉಳಿಸಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಉತ್ತರ ಕೊಡುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. 2016ರಲ್ಲಿ ಬೆಂಗಳೂರಿಗರು ಕೇಳಿದ್ದು ಒಂದನ್ನೇ: ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಸ್ಟೀಲ್ ಫ್ಲೈಓವರ್ ಬೇಡ. ಉದ್ದ 6.7 ಕಿಲೋಮೀಟರ್, ವೆಚ್ಚ 1,791 ಕೋಟಿ ರೂಪಾಯಿ, ಬಲಿಯಾಗುವ ಮರ 812. ಈ ಮೂರು ಅಂಕಿಗಳು ಆಟೋ ಚಾಲಕರಿಂದ ಸಾಫ್ಟ್‌ವೇರ್ ಎಂಜಿನಿಯರ್‌ಗಳವರೆಗೆ ಎಲ್ಲರಿಗೂ ಬಾಯಿಪಾಠವಾದವು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿಯ ತಡೆ ಬಂತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ನಿಮ್ಮ ಬೇಡಿಕೆಯೂ ಹೀಗೆ ಹಿಡಿತಕ್ಕೆ ಸಿಗುವಂತಿರಲಿ. ಬೆಂಗಳೂರಿನವರ ಕೈಯಲ್ಲಿ ಬಿಬಿಎಂಪಿ 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಹವಾಮಾನ ಕ್ರಿಯಾ ಯೋಜನೆಯೇ ಇದೆ. 2050ರ ಹೊತ್ತಿಗೆ ನಗರದ ಇಂಗಾಲದ ಲೆಕ್ಕವನ್ನು ಸೊನ್ನೆಗೆ ಇಳಿಸುವ ಮಾತು ಅದರಲ್ಲಿದೆ. ಅದರಿಂದ ನಿಮ್ಮ ವಾರ್ಡಿಗೆ ತಾಗುವ ಒಂದು ಅಂಶವನ್ನು ಆರಿಸಿ, ‘ಇದು ಎಲ್ಲಿಗೆ ಬಂತು?’ ಎಂದು ಕೇಳಿ. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆಗಳು ಬಂದಿವೆ. ಕಡತ ಈಗ ಯಾರ ಮೇಜಿನ ಮೇಲಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ.

2. ‘ಬೇಡ’ದ ಬೆನ್ನಿಗೆ ‘ಬೇಕು’

ಫ್ಲೈಓವರ್ ಬೇಡ ಎಂದ ಅದೇ ನಾಗರಿಕರು 2016ರ ಡಿಸೆಂಬರ್‌ನಲ್ಲಿ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ದನಿ ಎತ್ತಿದರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತಾಗಲೂ ಅವರ ಬಾಯಲ್ಲಿ ಬರೀ ವಿರೋಧ ಇರಲಿಲ್ಲ. ‘ಉಳಿಸು, ಬೆಳೆಸು, ಬಳಸು’ ಎಂಬ ಅಪ್ಪಿಕೋ ಚಳವಳಿಯ ಘೋಷಣೆ ಕಾಡನ್ನು ಮುಂದೆ ಹೇಗೆ ನೋಡಿಕೊಳ್ಳಬೇಕೆಂಬ ಯೋಜನೆಯೂ ಆಗಿತ್ತು. ‘ಹಾಗಾದರೆ ಏನು ಮಾಡೋಣ ಹೇಳಿ’ ಎಂದು ಅಧಿಕಾರಿ ಕೇಳಿದಾಗ ನಿಮ್ಮ ಚೀಲದಲ್ಲಿ ಉತ್ತರ ಇರಬೇಕು.

3. ಮೊದಲು ಕಡತ, ಆಮೇಲೆ ಕಹಳೆ

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಇದೇ ಮುಖ್ಯ, ಹೆಚ್ಚಿನವರು ಕಡೆಗಣಿಸುವುದೂ ಇದನ್ನೇ. ಯೋಜನೆಯೊಂದಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಿದ್ದರೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಇದೆ. ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಂದು ಹೋಗುತ್ತದೆ. ಅದನ್ನು ಹುಡುಕುವ ಕೆಲಸವನ್ನೇ ಒಬ್ಬರಿಗೆ ವಹಿಸಿ.

ದೊಡ್ಡ ಕಾರ್ಖಾನೆ, ಗಣಿ, ಉಷ್ಣ ವಿದ್ಯುತ್ ಸ್ಥಾವರಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮುಂಚೆ ನೋಟಿಸ್ ಹೊರಬೀಳಬೇಕು, ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು, ಇಡೀ ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು. ಇಷ್ಟೇ ಜನ ಸೇರಬೇಕೆಂಬ ಕಟ್ಟಳೆ ಇಲ್ಲದ್ದರಿಂದ ನೀವು ಹೋಗದಿದ್ದರೂ ಸಭೆ ನಡೆದಂತೆಯೇ ಲೆಕ್ಕ. ಹೊರಗೆ ಘೋಷಣೆ ಕೂಗಿ ವಾಪಸಾದರೆ ದಾಖಲೆಯಲ್ಲಿ ನಿಮ್ಮ ಮಾತು ಉಳಿಯುವುದಿಲ್ಲ. ಒಳಗೆ ಹೋಗಿ, ಹೆಸರು ಹೇಳಿ, ಮೂರು ನಿಮಿಷ ಮಾತಾಡಿ, ಅದನ್ನೇ ಬರಹದಲ್ಲೂ ಕೊಟ್ಟು ಬನ್ನಿ. ನಾಳೆ ನ್ಯಾಯಾಲಯದಲ್ಲಿ ನಿಮ್ಮ ವಕೀಲರು ಆಧಾರವಾಗಿ ಹಿಡಿಯುವುದು ಆ ಹಾಳೆಯನ್ನೇ.

4. ಸಂವಿಧಾನ ಜೇಬಿನಲ್ಲಿರಲಿ

ಶಸ್ತ್ರವಿಲ್ಲದೆ ಶಾಂತಿಯುತವಾಗಿ ಸೇರುವ ಹಕ್ಕನ್ನು 19(1)(ಬಿ) ವಿಧಿ ಕೊಟ್ಟಿದೆ. ಹವಾಮಾನ ಬದಲಾವಣೆಯ ಕೆಡುಕುಗಳಿಂದ ಮುಕ್ತರಾಗಿ ಬದುಕುವುದೂ 14 ಮತ್ತು 21ನೇ ವಿಧಿಗಳಡಿ ಹಕ್ಕು ಎಂದು 2024ರ ಮಾರ್ಚ್ 21ರಂದು ರಂಜಿತ್‌ಸಿನ್ಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನವಿ ಪತ್ರದ ಮೊದಲ ಪ್ಯಾರಾದಲ್ಲೇ ಇದನ್ನು ಬರೆಯಿರಿ. ಜೊತೆಗೆ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ತಡೆಯುವಂತಿಲ್ಲ ಎಂದು 2020ರಲ್ಲಿ ಅದೇ ಕೋರ್ಟ್ ಹೇಳಿದ್ದನ್ನೂ ನೆನಪಿಡಿ.

5. ಅನುಮತಿ ಬಾಯಿಮಾತಿನಲ್ಲಿ ಬೇಡ

ಬೆಂಗಳೂರಿನಲ್ಲಿ ಹೈಕೋರ್ಟ್ ನಿರ್ದೇಶನದ ನಂತರ ಪ್ರತಿಭಟನೆಗಳು ಫ್ರೀಡಂ ಪಾರ್ಕಿಗೆ ಸೀಮಿತವಾಗಿವೆ. ಉಳಿದ ಊರುಗಳಲ್ಲಿ ಡಿಸಿ ಅಥವಾ ತಹಶೀಲ್ದಾರ್ ಕಚೇರಿಯ ಎದುರು ಧರಣಿ ಕೂರುವ ವಾಡಿಕೆ ಇದೆ. ಎಲ್ಲೇ ಆಗಲಿ, ಪೊಲೀಸರಿಗೆ ವಾರ ಮುಂಚೆಯೇ ಪತ್ರ ಕೊಡಿ: ದಿನ, ವೇಳೆ, ಅಂದಾಜು ಜನ, ಹೊಣೆಗಾರರ ಫೋನ್ ನಂಬರ್, ಮೈಕ್ ಬಳಸುತ್ತೀರೋ ಇಲ್ಲವೋ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಬೀಳುವವರೆಗೆ ಠಾಣೆಯಿಂದ ಏಳಬೇಡಿ.

6. ಶಾಂತಿಗೂ ತಾಲೀಮು ಬೇಕು

ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ವಿದ್ವಾಂಸರು 1900ರಿಂದ 2006ರವರೆಗಿನ 323 ಚಳವಳಿಗಳನ್ನು ಲೆಕ್ಕಹಾಕಿ ನೋಡಿದರು. ಹಿಂಸೆಯ ದಾರಿ ಹಿಡಿದವುಗಳಿಗಿಂತ ಅಹಿಂಸೆಯ ಚಳವಳಿಗಳು ಗೆದ್ದ ಪ್ರಮಾಣ ಹೆಚ್ಚುಕಡಿಮೆ ಎರಡರಷ್ಟು. ಕಾರಣ ಸರಳ: ಕಲ್ಲು ಹಾರದ ಕಡೆ ಅಜ್ಜಿಯೂ ಬರುತ್ತಾಳೆ, ಮಗುವನ್ನು ಎತ್ತಿಕೊಂಡ ತಾಯಿಯೂ ಬರುತ್ತಾಳೆ.

1987ರ ನವೆಂಬರ್ 14ರಂದು ಹಾವೇರಿ ಸೀಮೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ಓದಿಕೊಳ್ಳಿ. ಹಳ್ಳಿಗರ ಸಮುದಾಯ ಭೂಮಿಯಲ್ಲಿ ಕಾರ್ಖಾನೆಗಾಗಿ ನೆಟ್ಟ ನೀಲಗಿರಿ ಸಸಿಗಳನ್ನು ಜನ ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ಸಂಘಟಿಸಿತ್ತು. ಅತ್ತ ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನಲ್ಲಿ ಮೊಕದ್ದಮೆ ನಡೆದಿತ್ತು. ಹೊಲದಲ್ಲಿ ಸತ್ಯಾಗ್ರಹ, ಕೋರ್ಟಿನಲ್ಲಿ ಕಾಗದ, ಎರಡೂ ಜೊತೆಯಾಗಿ ಸಾಗಿದವು.

ತಾಲೀಮು ಹೀಗಿರಲಿ: ಇಪ್ಪತ್ತೈದು ಜನಕ್ಕೊಬ್ಬ ಸ್ವಯಂಸೇವಕ, ಗುರುತಿಗೆ ಒಂದೇ ಬಣ್ಣದ ಪಟ್ಟಿ. ಯಾರೋ ಬೈದರೆ, ತಳ್ಳಿದರೆ ಏನು ಮಾಡಬೇಕೆಂದು ಹಿಂದಿನ ದಿನ ನಟಿಸಿಯೇ ನೋಡಿ. ಗುರುತಿಲ್ಲದವರು ಗಲಾಟೆ ಎಬ್ಬಿಸಿದರೆ ಎಲ್ಲರೂ ಕೂಡಲೇ ನೆಲದ ಮೇಲೆ ಕೂತುಬಿಡಿ. ನಿಂತವರು ಯಾರೆಂದು ಕ್ಯಾಮೆರಾಗಳಿಗೆ ಆಗ ಕಾಣುತ್ತದೆ.

7. ಬಿಸಿಲು ಕಾಯುವವರು ಮುಂದಿನ ಸಾಲಿನಲ್ಲಿ

ಪೌರಕಾರ್ಮಿಕರು, ಬೀದಿ ವ್ಯಾಪಾರಿಗಳು, ಗಾರೆ ಕೆಲಸದವರು, ಡೆಲಿವರಿ ಹುಡುಗರು, ಮಳೆ ನಂಬಿದ ರೈತರು. ತಾಪ ಏರುವುದೆಂದರೆ ಏನೆಂದು ಇವರ ಮೈಗೆ ಗೊತ್ತು. ವೇದಿಕೆಯ ಮೊದಲ ಮಾತು ಇವರದ್ದಾಗಲಿ, ಅದೂ ಇವರ ಕನ್ನಡದಲ್ಲಿ. ಬೆಂಗಳೂರಿನ ಹವಾಮಾನ ಸಭೆಗಳು ಇಂಗ್ಲಿಷಿನಲ್ಲೇ ಮುಗಿದುಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಅಂದಿನ ದಿನಗೂಲಿ ಕಳೆದುಕೊಂಡು ಬಂದವರಿಗೆ ಊಟ, ಬಸ್ ಚಾರ್ಜನ್ನಾದರೂ ಕೊಡಿ.

8. ದಿನ ನೋಡಿ ಇಡಿ

ಪಿಯು ಪರೀಕ್ಷೆ, ನಾಟಿಯ ವಾರ, ಊರ ಜಾತ್ರೆ ಬೇಡ. ಬಜೆಟ್‌ಗೆ ಮುಂಚಿನ ದಿನಗಳು ಒಳ್ಳೆಯವು. ಬೆಳಗಾವಿ ಅಧಿವೇಶನದ ಹೊತ್ತಿಗೆ ಮಂತ್ರಿಗಳು, ಶಾಸಕರು, ವರದಿಗಾರರು ಒಂದೇ ಊರಿನಲ್ಲಿರುತ್ತಾರೆ. ಬೇಸಿಗೆಯಲ್ಲಾದರೆ ಹತ್ತು ಗಂಟೆಯೊಳಗೆ ಮುಗಿಸಿ.

9. ನೀರು, ನೆರಳು, ಶೌಚಾಲಯ

ಈ ಮೂರರಲ್ಲಿ ಯಾವುದು ತಪ್ಪಿದರೂ ಹೆಂಗಸರು, ವಯಸ್ಸಾದವರು ಮುಂದಿನ ಸಲ ಬರುವುದಿಲ್ಲ. ಕ್ಯಾನ್ ನೀರು, ಸ್ಟೀಲ್ ಲೋಟ, ಓಆರ್‌ಎಸ್ ಪೊಟ್ಟಣ, ಶಾಮಿಯಾನ, ಆಂಬುಲೆನ್ಸ್ ಹೋಗುವಷ್ಟು ಜಾಗ. ಶಾಲಾ ಮಕ್ಕಳಿದ್ದರೆ ಹೆತ್ತವರ ಒಪ್ಪಿಗೆ ಪತ್ರ ಕಡ್ಡಾಯ.

10. ಬ್ಯಾನರ್ ಬಟ್ಟೆಯದೇ

ಹವಾಮಾನಕ್ಕಾಗಿ ನಿಂತು ಫ್ಲೆಕ್ಸ್ ಕಟ್ಟಿದರೆ ಫೋಟೋ ಬರುವುದು ಫ್ಲೆಕ್ಸಿನದೇ. ಹಳೆ ಸೀರೆ, ಪಂಚೆ, ರಟ್ಟು ಸಾಕು. ಅಕ್ಷರ ದೊಡ್ಡದಿರಲಿ, ಪದ ಆರು ಮೀರದಿರಲಿ. ಹೊರಡುವ ಮುನ್ನ ಜಾಗ ಗುಡಿಸಿ.

11. ಲೆಕ್ಕ, ಫೋನು, ವಕೀಲರು

ರೈತ ಹೋರಾಟ ಬೆಂಬಲಿಸಿದ ‘ಟೂಲ್‌ಕಿಟ್’ ಕಡತದ ಸಂಬಂಧ ಬೆಂಗಳೂರಿನ ಹವಾಮಾನ ಕಾರ್ಯಕರ್ತೆ ದಿಶಾ ರವಿ ಅವರನ್ನು 2021ರ ಫೆಬ್ರವರಿ 13ರಂದು ಬಂಧಿಸಲಾಯಿತು. ಹತ್ತು ದಿನಗಳ ನಂತರ ಜಾಮೀನು ಕೊಟ್ಟ ದೆಹಲಿಯ ನ್ಯಾಯಾಲಯ, ವಾಟ್ಸ್‌ಆಪ್ ಗುಂಪು ಮಾಡುವುದು ಅಪರಾಧವಲ್ಲ ಎಂದಿತು. ಹೆದರುವ ಅಗತ್ಯವಿಲ್ಲ, ತಯಾರಿ ಇರಬೇಕು. ಸಂದೇಶದಲ್ಲಿ ಸಿಟ್ಟಿನ ಮಾತು ಬೇಡ. ಬಂದ ಪ್ರತಿ ರೂಪಾಯಿಗೂ ರಸೀದಿ ಇರಲಿ. ಒಬ್ಬ ವಕೀಲರ ನಂಬರ್ ಎಲ್ಲರ ಅಂಗೈ ಮೇಲೆ ಪೆನ್ನಿನಲ್ಲಿ ಬರೆದಿರಲಿ, ಫೋನ್ ಕೈತಪ್ಪಿದಾಗ ಅದೇ ಆಸರೆ.

12. ಮರುದಿನದ ಕೆಲಸ

ಗ್ರೇತಾ ಥನ್‌ಬರ್ಗ್ 2018ರ ಆಗಸ್ಟ್ 20ರಂದು ಸ್ವೀಡನ್ ಸಂಸತ್ತಿನ ಎದುರು ಒಬ್ಬಳೇ ಕೂತಿದ್ದಳು. ಬಿಡದೆ ಮತ್ತೆ ಮತ್ತೆ ಕೂತಳು. 2019ರ ಮಾರ್ಚ್ 15ರ ಹೊತ್ತಿಗೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಕ್ಕಳು ಬೀದಿಗೆ ಬಂದಿದ್ದರು.

ನಿಮ್ಮ ಮನವಿ ಪತ್ರಕ್ಕೆ ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬಂದಿರುತ್ತೀರಿ. ಎರಡು ವಾರ ಬಿಟ್ಟು ಐದು ಜನ ಹೋಗಿ ‘ಹಿಂಬರಹ ಕೊಡಿ’ ಎಂದು ಕೇಳಿ. ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ನಮ್ಮ ಮನವಿಯ ಮೇಲೆ ಯಾವ ಅಧಿಕಾರಿ, ಯಾವ ದಿನ, ಏನು ಷರಾ ಬರೆದರು? ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ. ಬಂದ ಉತ್ತರವನ್ನು ಅಂದು ಬಂದಿದ್ದ ಎಲ್ಲರಿಗೂ ಓದಿ ಹೇಳಿ, ಮುಂದಿನ ಸಭೆಯ ದಿನವನ್ನು ಅಲ್ಲೇ ಗೊತ್ತುಮಾಡಿ.