ಚರ್ಮವೆಂಬ ಕೋಟೆ

ಒಳ್ಳೆಯ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ ಮಾತ್ರಕ್ಕೆ ಗೋಡೆಯಾಗದು. ಅವುಗಳ ನಡುವೆ ಹದವಾದ ಗಾರೆ ಬೇಕು. ನಮ್ಮ ಚರ್ಮದ ರಚನೆಯೂ ಇಂಥದೇ. ಅಂಗೈ ಅಂಗಾಲುಗಳನ್ನು ಬಿಟ್ಟರೆ, ಅದರ ಅತ್ಯಂತ ಹೊರಗಿನ ಪದರವು ಕೂದಲೆಳೆಗಿಂತಲೂ ತೆಳುವಾದುದು. ಅಲ್ಲಿ ಚಪ್ಪಟೆಯಾದ ನಿರ್ಜೀವ ಕೋಶಗಳು ಇಟ್ಟಿಗೆಗಳಂತೆ ಜೋಡಣೆಗೊಂಡಿವೆ. ಅವುಗಳನ್ನು ಬೆಸೆಯುವ ಗಾರೆಯೇ ಲಿಪಿಡ್ ಎಂಬ ಜಿಡ್ಡಿನ ಪದಾರ್ಥ. ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ಸಿರಮೈಡ್‌ಗಳಿರುತ್ತವೆ. ಉಳಿದುದರಲ್ಲಿ ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು ಮುಖ್ಯವಾದವು. ಈ ಗಾರೆಯು ದೇಹದ ನೀರನ್ನು ಹೊರಹೋಗಗೊಡದು. ಹೊರಗಿನ ರೋಗಾಣುಗಳನ್ನು ಒಳಬರಗೊಡದು.

ಸೋರಿಯಾಸಿಸ್ ಎಂಬ ವ್ಯಾಧಿಯಲ್ಲಿ ಈ ಗೋಡೆಯೇ ಶಿಥಿಲವಾಗುತ್ತದೆ. ಮೊಣಕೈ, ಮೊಣಕಾಲು, ನೆತ್ತಿ ಮೊದಲಾದೆಡೆ ದಪ್ಪನೆಯ ಮಚ್ಚೆಗಳೆದ್ದು, ಅವುಗಳಿಂದ ಬೆಳ್ಳಿಯ ಬಣ್ಣದ ಹೊಟ್ಟು ಉದುರುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಚರ್ಮವನ್ನು ಕೆರಳಿಸುವುದು ಇದಕ್ಕೆ ಕಾರಣ. ಅನುವಂಶೀಯತೆಯ ಪಾತ್ರವೂ ಇದರಲ್ಲಿ ಉಂಟು. ಆರೋಗ್ಯವಂತ ಚರ್ಮದಲ್ಲಿ ಹೊಸ ಕೋಶವೊಂದು ಬುಡದಲ್ಲಿ ಹುಟ್ಟಿ, ಮೇಲೇರಿ, ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಮಚ್ಚೆಯಿರುವೆಡೆಯಾದರೋ ಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದುಬಿಡುತ್ತವೆ. ಇಂಥ ಅವಸರದ ಕಟ್ಟಡದಲ್ಲಿ ಗಾರೆ ಹದಗೊಳ್ಳುವುದಾದರೂ ಹೇಗೆ?

ವಿಜ್ಞಾನಿಗಳು ಮಚ್ಚೆಗಳ ಲಿಪಿಡ್‌ಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದಾರೆ. ಸಿರಮೈಡ್‌ಗಳಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ನೀರನ್ನು ತಡೆಹಿಡಿಯಲು ಬಹಳ ಅಗತ್ಯವಾದ, ಉದ್ದ ಸರಪಳಿಯ ಕೆಲವು ಬಗೆಗಳು ಮಚ್ಚೆಗಳಲ್ಲಿ ಕಡಿಮೆಯಾಗಿ, ಬೇರೆ ಕೆಲವು ಹೆಚ್ಚಾಗಿರುವುದು ಕಂಡುಬಂದಿದೆ. ಹೀಗೆ ಮಿಶ್ರಣದ ಪ್ರಮಾಣ ಕೆಟ್ಟುದರಿಂದ ನೀರು ಆವಿಯಾಗಿ ಹೊರಹೋಗುತ್ತದೆ. ಚರ್ಮ ಒಣಗಿ ಬಿರಿಯುತ್ತದೆ. ವೈದ್ಯರು ಔಷಧಿಯ ಜೊತೆಗೆ ಚರ್ಮವನ್ನು ತೇವವಾಗಿಡುವ ಮುಲಾಮನ್ನು ಹಚ್ಚಿಕೊಳ್ಳಲು ಹೇಳುವುದು ಇದಕ್ಕಾಗಿಯೇ. ಮುಲಾಮು ಬಿರುಕನ್ನು ಮುಚ್ಚಬಲ್ಲುದು. ರೋಗದ ಮೂಲವನ್ನು ಕೀಳಲಾರದು. ಮೂಲವನ್ನು ಹತೋಟಿಯಲ್ಲಿಡಲು ವೈದ್ಯರ ಚಿಕಿತ್ಸೆಯೇ ಬೇಕು.

ಹಿಂದೆ ಜನರು ಈ ವ್ಯಾಧಿಯನ್ನು ಕುಷ್ಠವೆಂದು ಭ್ರಮಿಸಿ ರೋಗಿಗಳನ್ನು ದೂರವಿಟ್ಟಿದ್ದುಂಟು. 1841ರಲ್ಲಿ ವಿಯೆನ್ನಾದ ವೈದ್ಯ ಫರ್ಡಿನೆಂಡ್ ಫಾನ್ ಹೆಬ್ರಾ ಇವೆರಡೂ ಬೇರೆಬೇರೆ ರೋಗಗಳೆಂದು ಸ್ಪಷ್ಟಪಡಿಸಿದನು. ಸೋರಿಯಾಸಿಸ್ ಅಂಟುರೋಗವಲ್ಲವೆಂದು 2014ರಲ್ಲಿ ವಿಶ್ವ ಆರೋಗ್ಯ ಸಭೆಯೂ ತನ್ನ ನಿರ್ಣಯದಲ್ಲಿ ಸಾರಿತು. ಇಷ್ಟಾದರೂ ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳಲು, ಅವನು ಮುಟ್ಟಿದ ಲೋಟದಿಂದ ನೀರು ಕುಡಿಯಲು ಹಿಂಜರಿಯುವವರು ಇಂದಿಗೂ ಇದ್ದಾರೆ. ಮಚ್ಚೆಯ ತುರಿಕೆಗಿಂತ ಇಂಥ ತಿರಸ್ಕಾರವೇ ಅವನನ್ನು ಹೆಚ್ಚು ನೋಯಿಸಬಹುದು. ಚರ್ಮದ ಗಾರೆಯನ್ನು ಸರಿಪಡಿಸುವುದು ವೈದ್ಯರ ಕೆಲಸ; ನೆರೆಯವನನ್ನು ನಮ್ಮ ಸಾಲಿನಲ್ಲಿ ಕೂಡಿಸಿಕೊಳ್ಳುವುದು ನಮ್ಮೆಲ್ಲರ ಕೆಲಸ.