ಉಳಿದ ಅರಳೆಯಿಂದ ಒಂದು ಭಾಷಾಪಾಠ

(ನಾಲ್ಕು ಮತ್ತು ಐದನೆಯ ತರಗತಿಗಳಿಗೆ, ಮೂರು ಅವಧಿಗಳು)

ಮಡಗಾಂವ್ ಪರಿಸರದ ಕನ್ನಡ ತರಗತಿಗಳಲ್ಲಿ ಕಲಿಯುವ ಮಕ್ಕಳಲ್ಲಿ ಅನೇಕರು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಜಿಲ್ಲೆಗಳಿಂದ ದುಡಿಮೆಯನ್ನರಸಿ ಬಂದ ಕುಟುಂಬಗಳವರು. ಅವರ ಮನೆಗಳಲ್ಲಿ ಊರಿನಿಂದ ತಂದ ಕೌದಿಯೋ ಅರಳೆಯ ಗಾದಿಯೋ ಇರುವುದು ಸಾಮಾನ್ಯ. ಮಗು ದಿನವೂ ಅದರ ಮೇಲೆ ಮಲಗುತ್ತದೆ. ಆದರೆ ಅದರ ವಿಷಯವಾಗಿ ಐದು ವಾಕ್ಯ ಬರೆಯೆಂದರೆ ಸುಮ್ಮನಾಗುತ್ತದೆ. ಪದಗಳು ಇಲ್ಲವೆಂದಲ್ಲ, ತನ್ನಲ್ಲಿರುವ ಪದಗಳು ಶಾಲೆಗೆ ಸಲ್ಲುವಂಥವಲ್ಲವೆಂದು ಅದು ಭಾವಿಸಿರುತ್ತದೆ. ಈ ಭಾವನೆಯನ್ನು ಬಿಡಿಸುವುದು ಪ್ರಸ್ತುತ ಪಾಠದ ಉದ್ದೇಶ. ಸಾಮಗ್ರಿ ಅತ್ಯಲ್ಪ: ಗಾದಿ, ದಿಂಬು, ರಜಾಯಿಗಳನ್ನು ಹೊಲಿದಾಗ ಉಳಿಯುವ ಅರಳೆಯ ತುಣುಕುಗಳು, ಒಂದಿಷ್ಟು ಚಿಂದಿ, ಸೂಜಿ ಮತ್ತು ದಾರ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಉತ್ತರ ಕರ್ನಾಟಕದ ಕೌದಿಯೊಳಗೆ ಸಾಮಾನ್ಯವಾಗಿ ಅರಳೆ ಇರುವುದಿಲ್ಲ. ಹಳೆಯ ಸೀರೆ, ಧೋತರಗಳ ಪದರಗಳೇ ಅದರ ಒಡಲು. ಅರಳೆಯನ್ನು ತುಂಬುವುದು ಗಾದಿಗೆ, ದಿಂಬಿಗೆ, ರಜಾಯಿಗೆ. ಇತ್ತೀಚೆಗೆ ಅಂಗಡಿಗಳಲ್ಲಿ ದೊರೆಯುವ ಹಾಳೆಯಂತಹ ತುಂಬು ಬಹುಮಟ್ಟಿಗೆ ಪಾಲಿಯೆಸ್ಟರಿನದು. ಎರಡನ್ನೂ ಗುರುತಿಸುವ ಪರೀಕ್ಷೆಯನ್ನು ಶಿಕ್ಷಕರೇ ಮಾಡಬೇಕು, ಮಕ್ಕಳ ಕೈಗೆ ಕೊಡಬಾರದು. ಚಿಟಿಕೆಯಷ್ಟನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದರೆ ಹತ್ತಿಯು ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಸಿ ಪಾತ್ರೆ ಹಿಡಿಯುವ ಹಿಡಿಕೆಗೆ, ದೀಪದ ಬತ್ತಿಗೆ ಹತ್ತಿಯನ್ನೇ ಬಳಸಬೇಕೆಂಬುದಕ್ಕೆ ಇದೇ ಕಾರಣ. ಕರಗುವ ತುಂಬನ್ನು ಕರಿಹಲಗೆಯ ಒರೆಸುಗಕ್ಕೋ ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೋ ಮೀಸಲಿಡಬಹುದು.

ಮೊದಲ ಅವಧಿಯಲ್ಲಿ ಹೊಲಿಗೆ ಬೇಡ. ಪ್ರತಿ ಮಗುವಿನ ಅಂಗೈಗೆ ತುಸು ಅರಳೆಯನ್ನಿಟ್ಟು ಹಿಂಜಲು ಹೇಳಿರಿ. ಮಾಡುತ್ತಿರುವ ಕೆಲಸಕ್ಕೆ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿರಿ. ಬಂದ ಪದಗಳನ್ನೆಲ್ಲ ತಿದ್ದದೆ ಹಲಗೆಯ ಮೇಲೆ ಬರೆಯಿರಿ: ಅರಳೆ, ಹಂಜಿ, ಗಾದಿ, ತೇಪೆ, ಟಾಕಾ, ದಬ್ಬಣ, ಅರಿವೆ. ಅರಿವೆ ಎಂದ ಮಗುವಿಗೆ ‘ಬಟ್ಟೆ ಎನ್ನು’ ಎಂದು ಹೇಳುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಅದು ಹಳಗನ್ನಡದ ‘ಅಱುವೆ’ಯಿಂದಲೇ ಬಂದ ಪದ, ಬಟ್ಟೆಯ ಪಕ್ಕದಲ್ಲಿ ಸರಿಸಮನಾಗಿ ಕುಳಿತುಕೊಳ್ಳಲಿ. ಸಂವಿಧಾನದ 350ಎ ವಿಧಿಯು (1956ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು) ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಆ ಮಾತೃಭಾಷೆಯು ತಾಯಿಯ ಬಾಯಲ್ಲಿರುವ ಕನ್ನಡವೋ ಪುಸ್ತಕದ ಕನ್ನಡ ಮಾತ್ರವೋ ಎಂಬುದು ತೀರ್ಮಾನವಾಗುವುದು ನಮ್ಮ ಹಲಗೆಯ ಮೇಲೆ.

ಇದೇ ಪಟ್ಟಿಯಿಂದ ವ್ಯಾಕರಣವೂ ಹೊರಡುತ್ತದೆ. ಹತ್ತಿ, ಹಂಜಿ, ಹಿಂಜು, ಹಾಸು ಇವುಗಳ ಹಿಂದಿನ ರೂಪಗಳು ಪತ್ತಿ, ಪಂಜಿ, ಪಿಂಜು, ಪಾಸು. ಪಕಾರವು ಹಕಾರವಾದ ನಿಯಮವನ್ನು ಹೇಳಿಕೊಡುವ ಬದಲು, ಜೋಡಿಗಳನ್ನು ಬರೆದು ಮಕ್ಕಳೇ ಕಂಡುಕೊಳ್ಳುವಂತೆ ಮಾಡಿರಿ. ಮರಾಠಿ, ಹಿಂದಿಗಳಲ್ಲಿಯೂ ಬಳಕೆಯಲ್ಲಿರುವ ‘ಪಿಂಜಾರ’ ಎಂಬ ಹೆಸರಿನಲ್ಲಿ ಪಕಾರವೇ ಕೇಳಿಬರುತ್ತದೆ. ಇಲ್ಲೊಂದು ಎಚ್ಚರಿಕೆ: ಅರಳೆ ಹಿಂಜುವುದು ಕುಲಕಸುಬಾಗಿದ್ದ ಪಿಂಜಾರ, ನದಾಫ ಕುಟುಂಬಗಳ ಮಕ್ಕಳು ತರಗತಿಯಲ್ಲಿದ್ದರೆ, ಅವರ ಅಡ್ಡಹೆಸರನ್ನು ಉದಾಹರಣೆಯಾಗಿಸಬಾರದು. ಆ ಮನೆಯ ಹಿರಿಯರೊಬ್ಬರು ಇಷ್ಟಪಟ್ಟು ಬಂದು ಕಲಿಸುವುದಾದರೆ ಅವರಿಗೆ ಶಿಕ್ಷಕರ ಕುರ್ಚಿಯನ್ನೇ ಕೊಡತಕ್ಕದ್ದು.

ಎರಡನೆಯ ಅವಧಿ ಗಣಿತಕ್ಕೂ ಕೈಗೂ ಸೇರಿದ್ದು. 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒರೆಸುಗಗಳು ಬೇಕು; ಇರುವುದು 90 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಒಂದು ಪಟ್ಟಿ. ವಿಸ್ತೀರ್ಣ 450 ಚದರ ಸೆಂ.ಮೀ., ಲೆಕ್ಕಕ್ಕೆ ಮೂರು ಒರೆಸುಗಗಳು. ಆದರೆ ಹಾಗೆಯೇ ಕತ್ತರಿಸಿದರೆ ಒಂದೂ ದೊರೆಯದು. ಮಕ್ಕಳು ಇಲ್ಲಿ ತುಸು ಹೊತ್ತು ತೊಡಕಿಕೊಳ್ಳಲಿ, ಉತ್ತರ ಹೇಳಲು ಅವಸರಿಸಬೇಡಿರಿ. ಪಟ್ಟಿಯನ್ನು ಆರು ತುಂಡು ಮಾಡಿ ಎರಡೆರಡನ್ನು ಜೋಡಿಸಿದರೆ ಮೂರೂ ಸಿದ್ಧ. ಜೋಡಿಸುವಾಗ ತುಂಡುಗಳನ್ನು ಒಂದರ ಮೇಲೊಂದು ಏರಿಸಬಾರದು, ಗಂಟಿನಂತೆ ಉಬ್ಬುತ್ತದೆ. ಅಂಚಿಗೆ ಅಂಚು ತಾಗಿಸಿ, ಅಡ್ಡಾದಿಡ್ಡಿಯಾಗಿ ಸಡಿಲವಾದ ಟಾಕಾ ಹಾಕಬೇಕು. ದಾರವನ್ನು ಬಿಗಿದರೆ ಅರಳೆ ಹರಿಯುತ್ತದೆ. ಅನಂತರ ಎರಡು ಚಿಂದಿಗಳ ನಡುವೆ ಇಟ್ಟು ಸುತ್ತಲೂ ಹೊಲಿಯುವುದು. ಬೆರಳಷ್ಟು ಚಿಕ್ಕ ಚೂರುಗಳನ್ನು ಹಿಂಜಿ ಸೂಜಿದಿಂಬಿಗೆ ತುಂಬಬಹುದು. ಶುದ್ಧ ಹತ್ತಿಯಾದರೆ ಬತ್ತಿ ಹೊಸೆಯಬಹುದು. ನೀರಿನ ಕೊಡ ಹೊರುವವರಿಗೆ ಬೇಕಾಗುವ ಸಿಂಬಿಯನ್ನೂ ಮಾಡಬಹುದು, ಆದರೆ ಅದನ್ನು ಕಂಡ ಮಕ್ಕಳೇ ಈಗ ವಿರಳ.

ಮೂರನೆಯ ಅವಧಿಯಲ್ಲಿ ಬರವಣಿಗೆ. ಕೊಂಕಣಿ ಮಾತಿನ ಗೆಳೆಯರ ಮನೆಯ ‘ವಾಕಳ’ವನ್ನೂ ತಮ್ಮ ಕೌದಿಯನ್ನೂ ಹೋಲಿಸಿ ಮಕ್ಕಳು ಬರೆಯಲಿ. ಗೋವಾಕ್ಕೂ ಕನ್ನಡನಾಡಿಗೂ ನಡುವಿನ ಮತ್ತೊಂದು ಕೌದಿಯ ಕಥೆಯನ್ನು ಶಿಕ್ಷಕರು ಹೇಳಬಹುದು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದಲ್ಲಿ ಅವರ ಸಂತತಿಯವರೂ ಇದ್ದಾರೆ. ಸಿದ್ದಿ ಮಹಿಳೆಯರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಚಿಂದಿಯನ್ನು ಮಡಚಿ ಮಾಡಿದ ‘ಫೂಲ’ ಇಡದೆ ಕೌದಿ ಪೂರ್ಣವಾಗದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದ್ದಾರೆ. ಗುಲಾಮಗಿರಿಯ ಮಾತು ಮಕ್ಕಳಿಗೆ ಭಾರವೆಂದು ಮರೆಮಾಚುವುದನ್ನು ನಾನು ಒಪ್ಪುವುದಿಲ್ಲ; ಹತ್ತು ವರ್ಷದ ಮಗು ಅನ್ಯಾಯವನ್ನು ಚೆನ್ನಾಗಿಯೇ ಬಲ್ಲದು.

ಮೌಲ್ಯಮಾಪನದಲ್ಲಿ ಹೊಲಿಗೆಯ ಅಂದಕ್ಕೆ ಅಂಕವಿಲ್ಲ. ಮಗುವು ಮನೆಯಿಂದ ಕೇಳಿ ತಂದ ಪದವೊಂದನ್ನು ತನ್ನದೇ ವಾಕ್ಯದಲ್ಲಿ ಬಳಸಿದೆಯೇ ಎಂಬುದನ್ನಷ್ಟೇ ಗಮನಿಸಿರಿ.

ಈ ಪಾಠವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿರಿ. ಬಾಗಲಕೋಟೆಯ ಒಣಹವೆಯಲ್ಲಿ ವರ್ಷಗಟ್ಟಲೆ ಬಾಳುವ ಅರಳೆಯು, ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಇಲ್ಲಿ ಬೇಗನೆ ಬೂಷ್ಟು ಹಿಡಿಯುತ್ತದೆ. ನವೆಂಬರ್ ತಿಂಗಳು ಸೂಕ್ತ. ತಂದ ಅರಳೆಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಮುಗ್ಗಲು ವಾಸನೆಯಿದ್ದರೆ ಎಸೆಯಿರಿ; ಉಬ್ಬಸವಿರುವ ಮಕ್ಕಳಿಗೆ ಹಿಂಜುವ ಕೆಲಸ ಬೇಡ, ಹಲಗೆಯ ಮೇಲೆ ಪದ ಬರೆಯುವ ಹೊಣೆ ಅವರಿಗಿರಲಿ.